ದೊಡ್ಡಮ್ಮನ ಹಾಡಿಗೆ ಅಂಟಿಕೊಂಡ ಗುಂಯ್

ದಪ್ಪ ಮಾನಿಟರಿನ ಕಂಪ್ಯೂಟರು ಮನೆಮನೆಗೆ ಬರ್ತಿದ್ದ ಕಾಲ ಅದು. ಶಿರಸಿ ಸೀಮೆಯ ನಮ್ಮೂರಲ್ಲಿ ಮದುವೆ ಹಾಡು ಬಲ್ಲ ಹೆಂಗಸರು ಒಬ್ಬೊಬ್ಬರಾಗಿ ತೀರಿಹೋಗ್ತಿದ್ದರು. ದೊಡ್ಡಮ್ಮನ ಹಾಡಾದರೂ ಉಳೀಲಿ ಅಂತ ಒಂದು ಮೈಕು ತಂದು, ಪುಕ್ಕಟೆ ಸಿಗೋ ಆಡಾಸಿಟಿ ಅನ್ನೋ ರೆಕಾರ್ಡಿಂಗ್ ತಂತ್ರಾಂಶ ಹಾಕಿಕೊಂಡು ಕೂತೆವು. ದೊಡ್ಡಮ್ಮಂಗೆ ಕೈಯಲ್ಲಿ ಕೆಲಸ ಇಲ್ಲದೆ ಹಾಡು ಬಾಯಿಗೆ ಬರೋದಿಲ್ಲ. ಮಲ್ಲಿಗೆ ಕಟ್ತಾ ಹಾಡಿದಳೋ, ಅಬ್ಬಲಿಗೆಯೋ, ಈಗ ಮರೆತಿದೆ.

ಕೇಳಿ ನೋಡಿದರೆ ಹಾಡಿನ ಉದ್ದಕ್ಕೂ ಗುಂಯ್. ಜೀರುಂಡೆ ಇರಬೇಕು ಅಂತ ಕಿಟಕಿ ಹಾಕಿದೆವು. ಮೊಬೈಲು ದೂರ ಇಟ್ಟೆವು. ಆಗಿನ ಮೊಬೈಲಿಗೆ ಕರೆ ಬರೋ ಮೊದಲೇ ಸ್ಪೀಕರು ಟರ್ರ್ ಅನ್ನೋದು ನಿಮಗೂ ನೆನಪಿದ್ದೀತು. ಗುಂಯ್ ಮಾತ್ರ ಹೋಗಲಿಲ್ಲ.

ಆಗ ಬಂದವರು ಊರೆಲ್ಲ ವೈರಿಂಗ್ ಮಾವ ಅಂತಲೇ ಕರೀತಿದ್ದ ಹಿರಿಯರು. ಕವಳ ಹಾಕದೆ ಸ್ಕ್ರೂಡ್ರೈವರ್ ಮುಟ್ಟುವ ಜನ ಅಲ್ಲ. ದೊಡ್ಡಮ್ಮ ಕೊಟ್ಟ ಹಲಸಿನ ಹಪ್ಪಳ ಮುರೀತಾ ಕೇಳಿದರು: "ತಮಾ, ಪೆಟ್ಟಿಗೆ ಮುಟ್ಟಿದ್ರೆ ಜುಮ್ ಅಂತದಾ?"

ಅಂತಿತ್ತು. ಹೋಲ್ಡರಿನ ಬಲ್ಬಿನ ಒಂದು ತುದಿ ಫೇಸಿಗೆ, ಇನ್ನೊಂದು ಅರ್ಥಿಗೆ ಹಿಡಿದರು. ಕೆಲಸ ಬಲ್ಲವರು ಮಾತ್ರ ಮಾಡೋ ಪರೀಕ್ಷೆ ಅದು. ಬಲ್ಬು ಕೆಂಪಗೆ ಮಿಣುಕಿತು ಅಷ್ಟೆ, ಅಂದರೆ ಅರ್ಥಿಂಗ್ ಸರಿಯಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈಯಿಂದ ಒಂಚೂರು ಕರೆಂಟು ಕ್ಯಾಬಿನೆಟ್ಟಿಗೆ ಸೋರುವುದು ಸಹಜ. ಅದು ಅರ್ಥಿನ ತಂತಿ ಹಿಡಿದು ಮಣ್ಣಿಗೆ ಇಳೀಬೇಕು. ಇಳಿಯೋ ದಾರಿ ಕೆಟ್ಟರೆ ಮೈಕಿನ ತಂತಿಗೆ ನುಗ್ಗುತ್ತದೆ. ನಮ್ಮ ಕರೆಂಟಿನದು ಸೆಕೆಂಡಿಗೆ 50 ಸುತ್ತು. ಅದಕ್ಕೇ ಆ ಗುಂಯ್ 50 ಹರ್ಟ್ಸಿನದು, ಅದರ ಬೆನ್ನಿಗೆ 100, 150.

ಹಿತ್ತಲ ಅರ್ಥಿಂಗ್ ಗುಂಡಿ ಬೇಸಿಗೆಗೆ ಬಿರುಕು ಬಿಟ್ಟಿತ್ತು, ಪೈಪಿನ ತಂತಿ ತುಕ್ಕು ತಿಂದಿತ್ತು. ಮಾವ ಹೊಸ ತಂತಿ ಬಿಗಿದು, ಇದ್ದಿಲು, ಕಲ್ಲುಪ್ಪು ಪದರ ಪದರವಾಗಿ ತುಂಬಿ, ಕೊಡಗಟ್ಟಲೆ ನೀರು ಹೊಯ್ಸಿದರು. ಯಾರೋ ಪ್ಲಗ್ಗಿನ ಮೂರನೇ ಪಿನ್ನು ಮುರಿದರೆ ಸದ್ದು ಹೋಗ್ತದೆ ಅಂದಿದ್ದನ್ನು ಹೇಳಿದ್ದಕ್ಕೆ ಅವರಿಗೆ ಸಿಟ್ಟೇ ಬಂತು. "ಸದ್ದು ಹೋಗಲೂಬಹುದು, ಒಂದಿನ ಜೀವಾನೂ ಹೋಗ್ತದೆ!"

ಗುಂಯ್ ನಿಂತಿತು. ಸಣ್ಣಗೆ ಸುಸ್ಸ್ ಉಳಿದಿತ್ತು. ಮೈಕನ್ನು ಮುಂದಿನ ಕಿಂಡಿಯಿಂದ ಕಿತ್ತು ಹಿಂದಿನದಕ್ಕೆ ಹಾಕಿದೆವು. ಮುಂದಿನದರ ತಂತಿ ಪೆಟ್ಟಿಗೆಯೊಳಗೆಲ್ಲ ಹಾದು ಬರೋದರಿಂದ ಮೌಸ್ ಸರಿಸಿದರೂ ಕಿರಿಕಿರಿ ಎತ್ತಿಕೊಳ್ತದೆ. ಮೈಕ್ ಬೂಸ್ಟ್ 30 ಡೆಸಿಬೆಲ್‌ನಿಂದ 10ಕ್ಕೆ ಇಳಿಸಿ, ಮೈಕನ್ನೇ ದೊಡ್ಡಮ್ಮನ ಬಾಯಿ ಹತ್ತಿರ ತಂದೆವು. ಫ್ಯಾನಿನ ಸದ್ದು ಕಡೆಗೂ ಒಂಚೂರು ಉಳಿಯಿತು. ಹಾಡು ಶುರುವಾಗೋ ಮೊದಲಿನ ಮೌನವನ್ನು ಆಡಾಸಿಟಿಗೆ ಮಾದರಿಯಾಗಿ ತೋರಿಸಿ ಅದನ್ನೂ ತೆಗೆದೆವು. ಈ ಶುದ್ಧಿ ಹದವಾಗಿರಬೇಕು. ಜಾಸ್ತಿಯಾದರೆ ದನಿ ನೀರೊಳಗಿಂದ ಬಂದ ಹಾಗೆ ಕೇಳಿಸ್ತದೆ.

ಸದ್ದನ್ನು ಆಮೇಲೆ ಒರೆಸೋದಕ್ಕಿಂತ ಹುಟ್ಟೋ ಜಾಗದಲ್ಲೇ ನಿಲ್ಲಿಸೋದು ಲೇಸು. ನಿಮ್ಮ ಮನೇಲೂ ಹಾಡುವ ಹಿರಿಯರಿದ್ದರೆ ಅರ್ಥಿಂಗ್ ನೋಡಿಸಿ, ಈ ವರ್ಷವೇ ಕೂರಿಸಿ ಹಾಡಿಸಿ.