ಪಾಸ್ ಔಟ್ ಆಗೋದು ಅಂದ್ರೆ

ಏಳನೇ ಸೆಮ್‌ನಲ್ಲಿ, ಪ್ಲೇಸ್‌ಮೆಂಟ್ ಶುರುವಾಗೋ ಮುಂಚೆ ನಮ್ಮ ಕ್ಲಾಸಿಗೆ ಮಾಕ್ ಇಂಟರ್ವ್ಯೂ ಇಟ್ಟಿದ್ದರು. ನಮ್ಮ ರೂಮ್‌ಮೇಟ್‌ನ ಸರದಿ ಬಂತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಹುಡುಗ. ಸರ್ಕ್ಯೂಟ್ ವಿಷಯದಲ್ಲಿ ನಮಗೆಲ್ಲ ಅವನೇ ಗುರು. ಪರಿಚಯ ಹೇಳಿ ಕೊನೆಗೆ, 'ಐ ವಿಲ್ ಪಾಸ್ ಔಟ್ ಇನ್ ಜೂನ್' ಅಂದ. ಹೊರಗಿನಿಂದ ಬಂದಿದ್ದ ಟ್ರೇನರ್, 'ಹಾಗಾದ್ರೆ ಜೂನ್‌ನಲ್ಲಿ ಪಕ್ಕದಲ್ಲೇ ನೀರಿನ ಬಾಟಲ್ ಇಟ್ಕೊಳ್ಳಿ' ಅಂದರು. ಜೋಕ್ ಏನು ಅಂತ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗಲಿಲ್ಲ. ಆದರೂ ಎಲ್ಲರೂ ನಕ್ಕೆವು. ಮುಂದಿನ ಎರಡು ಮಾಕ್‌ಗೆ ಅವನು ಬರಲೇ ಇಲ್ಲ.

ಆಮೇಲೆ ನಾವು ಡಿಕ್ಷನರಿ ತೆಗೆದೆವು. 'ಪಾಸ್ ಔಟ್' ಅಂದ್ರೆ ಎಚ್ಚರ ತಪ್ಪುವುದು. ಬಿಸಿಲಲ್ಲಿ ನಿಂತು ತಲೆ ತಿರುಗಿ ಬಿದ್ದವನು 'ಪಾಸ್ಡ್ ಔಟ್'. ನೀರಿನ ಬಾಟಲ್ ಬಂದದ್ದು ಇಲ್ಲಿಂದ. ಇನ್ನೊಂದು ಅರ್ಥ ಹಂಚುವುದು: 'ಪಾಸ್ ಔಟ್ ದ ಪೇಪರ್ಸ್'. ಇಲ್ಲಿ ಎರಡು ಪದಗಳನ್ನು ಬಿಡಿಸಬಹುದು. 'ದೆಮ್' ಬಂದರಂತೂ ಬಿಡಿಸಲೇಬೇಕು: 'ಪಾಸ್ ದೆಮ್ ಔಟ್' ಸರಿ, 'ಪಾಸ್ ಔಟ್ ದೆಮ್' ತಪ್ಪು. ಮೂರನೆಯದು ಬ್ರಿಟಿಷ್ ಇಂಗ್ಲಿಷಿನದು: ಸೈನ್ಯದ ತರಬೇತಿ ಮುಗಿಸಿ ಹೊರಬರುವುದು. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಜೂನ್, ಡಿಸೆಂಬರ್‌ನಲ್ಲಿ ನಡೆಯೋ 'ಪಾಸಿಂಗ್ ಔಟ್ ಪೆರೇಡ್' ಟಿವಿಯಲ್ಲಿ ನೋಡಿರ್ತೀರಿ. ನಾವು ಕಾಲೇಜು ಮುಗಿಸೋದಕ್ಕೆ ಹೇಳೋ 'ಪಾಸ್ ಔಟ್' ಇದರ ಹತ್ತಿರದ ನೆಂಟ. ಭಾರತದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತೆ. ಅಮೆರಿಕದವರ ಜೊತೆ ಕಾಲ್‌ನಲ್ಲಿದ್ದಾಗ ಮಾತ್ರ 'ಗ್ರ್ಯಾಜುಯೇಟ್' ಅನ್ನೋದು ಒಳ್ಳೇದು.

ಅಂದ್ರೆ ಅವನು ತಪ್ಪು ಮಾತಾಡಿರಲಿಲ್ಲ. ನಮ್ಮ ಕನ್ನಡದಲ್ಲೂ ಇಂಥವು ಎಷ್ಟಿಲ್ಲ? ಕೈ ಹಾಕಿದ, ಕೈ ಬಿಟ್ಟ, ಕೈ ಎತ್ತಿದ, ಕೈ ಕೊಟ್ಟ. ಕೈ ಗೊತ್ತು, ಕೊಡೋದು ಗೊತ್ತು, ಆದರೂ 'ಗಾಡಿ ಕೈ ಕೊಡ್ತು' ಅಂದ್ರೆ ಹೊಸದಾಗಿ ಕನ್ನಡ ಕಲಿಯೋ ನಮ್ಮ ಬಿಹಾರದ ಗೆಳೆಯ ಗಾಡಿಗೆ ಕೈ ಎಲ್ಲಿದೆ ಅಂತ ಹುಡುಕ್ತಾನೆ. ಅವನಿಗೆ ನಾವು ಕೂರಿಸಿ ಅರ್ಥ ಹೇಳ್ತೀವಿ. ನಮ್ಮವನೇ ಇಂಗ್ಲಿಷ್‌ನಲ್ಲಿ ಎಡವಿದಾಗ ಮಾತ್ರ ನಗು ಬರುತ್ತೆ.

ಅವತ್ತು ರಾತ್ರಿ ಮೆಸ್‌ನಿಂದ ಬಂದ ಮೇಲೆ ಅವನಿಗೆ ಇದನ್ನೆಲ್ಲ ತೋರಿಸಿದೆವು. ಪೂರ್ತಿ ಕೇಳಿ, 'ಇದನ್ನ ಅವತ್ತು ಕ್ಲಾಸಲ್ಲೇ ಹೇಳಬೇಕಿತ್ತು ಕಣ್ರೋ' ಅಂದ. ನಮ್ಮ ಹತ್ರ ಉತ್ತರ ಇರಲಿಲ್ಲ. ಸಾರಿ ಅಂದೆವು.

ಮುಂದಿನ ಮಾಕ್‌ಗೆ ಅವನು ಬಂದ, 'ಐ ವಿಲ್ ಗ್ರ್ಯಾಜುಯೇಟ್ ಇನ್ ಜೂನ್' ಅಂದ. ಹೊರಗೆ ಬಂದ ಮೇಲೆ ನಮ್ಮ ಕಡೆ ತಿರುಗಿ, 'ನಡೀರಿ, ಟೀ ಕುಡಿಯೋಣ. ಇಲ್ಲಾಂದ್ರೆ ಈಗ್ಲೇ ಪಾಸ್ ಔಟ್ ಆಗ್ತೀನಿ' ಅಂದ. ಈ ಸಲ ಅವನೇ ಮೊದಲು ನಕ್ಕ.