ಕಾಕಾನ ಅರ್ಜಿ, ಕರ್ನಲ್‌ನ ಕುದುರೆ

ಏಳು ಅರ್ಜಿ ಬರೆದಿದ್ದೆ. ಏಳೂ ನನ್ನ ಕೈಬರಹದವೇ.

ನಮ್ಮ ಕಾಕಾ ೧೯೭೧ರ ಯುದ್ಧದಲ್ಲಿ ಪದಕ ಪಡೆದ ಹವಾಲ್ದಾರ. ನಾಯಬ್ ಸುಬೇದಾರ ಆಗುವ ಸರದಿ ಹತ್ತಿರ ಬಂದಾಗ ಡಾಕ್ಟರರ ಚೀಟಿಯೊಂದು ಬಂತು, ಮನೆಗೆ ಕಳಿಸಿದರು. ಬಂದ ಮರುದಿನವೇ ಹೊಲದಿಂದ ಜೋಳದ ಚೀಲ ಒಬ್ಬನೇ ಹೊತ್ತು ತಂದು ನನ್ನ ಮುಂದೆ ಇಳಿಸಿದ. "ಇದನ್ನೂ ಬರಿಯಪಾ ಅರ್ಜಿಯೊಳಗ" ಅಂದ. ಊರೊಳಗಿನ ಚಹಾದಂಗಡಿಯಲ್ಲಿ ಪದಕದವನಿಗೂ ನಮ್ಮ ಹಾಗೆ ಬೇರೆ ಕಪ್ಪೇ. ಕೇರಿಗೆ ಮರಳಿದ್ದು ಅವನಿಗೆ ಯಾಕೆ ಸಹಿಸಲಿಲ್ಲ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಿರುಗಿ ಹೋಗಬೇಕು, ಹೋದರೆ ಸುಬೇದಾರಿ ಪಟ್ಟಿ ಹಚ್ಚಿಕೊಂಡೇ ಹೋಗಬೇಕು. ಅದೊಂದೇ ಹಟ.

ಕೇರಿಯಲ್ಲಿ ಇಂಗ್ಲಿಷ್ ಬರೆಯುವವ ನಾನೊಬ್ಬನೇ. ಹೊಸದಾಗಿ ಮಾಸ್ತರಿಕೆ ಸಿಕ್ಕಿತ್ತು. ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಸುರಿದೆ: 'ಐ ಹಂಬಲಿ ಬೆಗ್ ಟು ಸ್ಟೇಟ್' ಅಂತ ಶುರು, 'ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವಂಟ್' ಅಂತ ಕೊನೆ. ಮೂರಕ್ಕೆ ಉತ್ತರವೇ ಇಲ್ಲ. ನಾಲ್ಕನೆಯದಕ್ಕೆ ಅಚ್ಚು ಹಾಕಿದ ಎರಡು ಸಾಲಿನ ಕಾಗದ ಬಂತು. ಜಾತಿಯ ಕಾರಣಕ್ಕೆ ಕಾಕಾನನ್ನು ಕಳಿಸಿದರೇ? ಗೊತ್ತಿಲ್ಲ. ಚೀಟಿಯಲ್ಲಿ ಅದಕ್ಕೆ ಕಾಲಮ್ ಇರುವುದಿಲ್ಲವಲ್ಲ!

ಮುಂಬಯಿಯಲ್ಲಿ ೧೯೭೨ರಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತ್ತು. ಅಮೆರಿಕದ ಕಪ್ಪು ಜನರ ಹೋರಾಟದಿಂದ ಪಡೆದ ಹೆಸರು ಅದು. ಆಮೇಲೆ ನಾವು ಕೆಲ ಹುಡುಗರು ಆ ಜನರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆವು. ಹಾಗೆ ಸಿಕ್ಕವನು ಕರ್ನಲ್ ಚಾರ್ಲ್ಸ್ ಯಂಗ್. ಒಂದು ಸಂಜೆ ಕಾಕಾನ ಕಟ್ಟೆಯ ಮೇಲೆ ಕೂತು ಅವನ ಕತೆ ಹೇಳಿದೆ.

ಯಂಗ್ ೧೮೬೪ರಲ್ಲಿ ಕೆಂಟಕಿಯಲ್ಲಿ ಗುಲಾಮನಾಗಿಯೇ ಹುಟ್ಟಿದವನು. ಅಪ್ಪ ತಪ್ಪಿಸಿಕೊಂಡು ಹೋಗಿ ಸೈನ್ಯ ಸೇರಿದ. ಮಗ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ೧೮೮೯ರಲ್ಲಿ ಪಾಸಾದ. ಅಲ್ಲಿ ಪಾಸಾದ ಕಪ್ಪು ಜನರಲ್ಲಿ ಮೂರನೆಯವನು. ೧೯೧೬ರಲ್ಲಿ ಮೆಕ್ಸಿಕೋ ದಂಡಯಾತ್ರೆಯಲ್ಲಿ ಕುದುರೆ ಪಡೆ ನಡೆಸಿದ. ಅದೇ ವರ್ಷ ಕಪ್ಪು ಜನರ ಸಂಘಟನೆ ಎನ್‌ಎಎಸಿಪಿಯಿಂದ ಸ್ಪಿಂಗಾರ್ನ್ ಪದಕ. ೧೯೧೭ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಇನ್ನು ಇವನು ಜನರಲ್ ಆಗುವ ದಾರಿಯಲ್ಲಿದ್ದ. ಅಷ್ಟರಲ್ಲಿ ಕಪ್ಪು ಅಧಿಕಾರಿಯ ಕೈಕೆಳಗೆ ಇರಲಾರೆ ಎಂದು ಒಬ್ಬ ಬಿಳಿ ಲೆಫ್ಟಿನೆಂಟ್ ದೂರಿದ. ಮಿಸಿಸಿಪ್ಪಿಯ ಸೆನೆಟರ್ ಅದನ್ನು ಅಧ್ಯಕ್ಷ ವಿಲ್ಸನ್‌ಗೆ ಮುಟ್ಟಿಸಿದ, ವಿಲ್ಸನ್ ಯುದ್ಧ ಮಂತ್ರಿ ಬೇಕರ್‌ಗೆ ದಾಟಿಸಿದ. ಇತ್ತ ಡಾಕ್ಟರರು ರಕ್ತದೊತ್ತಡ, ಮೂತ್ರಪಿಂಡದ ರೋಗ ಎಂದರು. ಕರ್ನಲ್ ಪದವಿ ಕೊಟ್ಟು ನಿವೃತ್ತಿ ಮಾಡಿದರು.

ರೋಗ ಸುಳ್ಳಲ್ಲ. ಆದರೆ ಲೆಫ್ಟಿನೆಂಟನ ದೂರು ರಕ್ತದೊತ್ತಡದ ಬಗ್ಗೆ ಇರಲಿಲ್ಲ.

ಯಂಗ್ ೧೯೧೮ರ ಜೂನಿನಲ್ಲಿ ಒಹಾಯೋದ ವಿಲ್ಬರ್‌ಫೋರ್ಸ್‌ನಿಂದ ಕುದುರೆ ಏರಿ ವಾಷಿಂಗ್ಟನ್ನಿಗೆ ಹೊರಟ. ಆಗ ಅವನಿಗೆ ೫೪. ಸುಮಾರು ೫೦೦ ಮೈಲಿ, ೧೬ ದಿನ.

ಅಲ್ಲಿಯವರೆಗೆ ಬೀಡಿ ಸೇದುತ್ತ ಕೂತಿದ್ದ ಕಾಕಾ ನೆಟ್ಟಗಾದ. "ಹದಿನಾರು ದಿನ? ಕುದುರಿ ಕಾಲು ಹೋಗಲಿಲ್ಲೇನು?"

"ತಾಸಿಗೆ ಹದಿನೈದು ಮಿನಿಟು ಇಳಿದು ತಾನೂ ನಡೀತಿದ್ದನಂತ, ಕಾಕಾ."

"ಹಾಂಗನ್ನು. ಅಂವಾ ಖರೇ ಸಿಪಾಯಿ." ಬೆರಳು ಮಡಚಿ ದಿನಕ್ಕೆ ಎಷ್ಟು ಮೈಲಿ ಬಿತ್ತು ಎಂದು ಲೆಕ್ಕ ಹಾಕಿದ. "ಅವಗ ಅರ್ಜಿ ಯಾರು ಬರದು ಕೊಟ್ರು?"

ಆ ಪ್ರಶ್ನೆ ನನಗೆ ತಾಗಿತು. ಯಂಗ್‌ಗೆ ಡು ಬೋಯ್ಸ್ ಎಂಬ ಗೆಳೆಯನಿದ್ದ, ದೊಡ್ಡ ವಿದ್ವಾಂಸ, 'ಕ್ರೈಸಿಸ್' ಪತ್ರಿಕೆಯ ಸಂಪಾದಕ. ಅವನೂ ಅವನ ಸಂಘಟನೆಯೂ ಕಪ್ಪು ಜನರ ಪತ್ರಿಕೆಗಳೂ ಯಂಗ್‌ನನ್ನು ವಾಪಸು ಕರೆಯಿರಿ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದವು. ಆದರೆ ಅದೇ ಡು ಬೋಯ್ಸ್, ಅದೇ ೧೯೧೮ರ ಜುಲೈನಲ್ಲಿ, ಯುದ್ಧ ಮುಗಿಯುವವರೆಗೆ ನಮ್ಮ ಅಳಲು ಮರೆಯೋಣ ಎಂದು ಬರೆದ. ಅವನಿಗೂ ಸೈನ್ಯದಲ್ಲಿ ಕ್ಯಾಪ್ಟನ್ ಹುದ್ದೆಯ ಮಾತು ನಡೆದಿತ್ತು! ಅವನ ಜನರೇ ಬೈದರು. ಹುದ್ದೆಯೂ ಬರಲಿಲ್ಲ. ಅವನನ್ನು ಹಳಿಯುವ ಧೈರ್ಯ ನನಗಿಲ್ಲ. ಸರಕಾರಿ ಪಗಾರದ ಮಾಸ್ತರನಾದ ನಾನು ಕಾಕಾನ ಸಿಟ್ಟನ್ನು ಒಂದು ಅರ್ಜಿಯೊಳಗಾದರೂ ಹಾಕಿದ್ದೆನೇ?

ಬೇಕರ್ ತಕ್ಷಣ ಬಗ್ಗಲಿಲ್ಲ. ಯಂಗ್‌ನನ್ನು ಸೇವೆಗೆ ತಿರುಗಿ ಕರೆದದ್ದು ೧೯೧೮ರ ನವೆಂಬರ್ ೬ಕ್ಕೆ. ಯುದ್ಧ ನಿಂತದ್ದು ೧೧ಕ್ಕೆ.

"ಐದು ದಿನಾ?" ಅಂದ ಕಾಕಾ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ನೀ ಬರಿತಿಯಲ್ಲ, 'ಬೆಗ್' ಅಂತ, ಹಂಗಂದ್ರ ಭಿಕ್ಷಾ ಅಲ್ಲೇನು?"

ಹೌದು ಅಂದೆ.

"ನಾ ಭಿಕ್ಷಾ ಬೇಡಾಕತ್ತಿಲ್ಲೋ ತಮ್ಮಾ. ಲೆಕ್ಕಾ ಕೇಳಾಕತ್ತೀನಿ."

ನಮ್ಮವರ ಅರ್ಜಿಗಳ ಚರಿತ್ರೆ ಹಳೆಯದು. ಬ್ರಿಟಿಷರು ಮಹಾರರ ಸೈನ್ಯ ಭರ್ತಿ ನಿಲ್ಲಿಸಿದಾಗ ನಿವೃತ್ತ ಸೈನಿಕ ಗೋಪಾಳಬಾಬಾ ವಲಂಗಕರ್ ೧೮೯೪ರಲ್ಲಿ ಅರ್ಜಿ ಸಿದ್ಧಮಾಡಿದ್ದರು. ಮೊದಲ ಮಹಾಯುದ್ಧಕ್ಕೆ ಬೇಕಾದಾಗ ೧೧೧ನೇ ಮಹಾರ್ ಪಲ್ಟಣ ಕಟ್ಟಿದರು, ೧೯೨೧ರಲ್ಲಿ ಒಡೆದು ಹಾಕಿದರು. ಮತ್ತೆ ಯುದ್ಧ ಬಂತು, ಮತ್ತೆ ನೆನಪಾಯಿತು: ೧೯೪೧ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಲ್ಟಣ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಕಾಕಾ ಬೇರೆ ಪಲ್ಟಣದವನು, ಆದರೂ ಈ ಕತೆ ಅವನಿಗೆ ಬಾಯಿಪಾಠ.

ಏಳನೆಯ ಅರ್ಜಿಯನ್ನು ಅಂಚೆಗೆ ಹಾಕಲು ಬಿಡಲಿಲ್ಲ. "ಕುದುರಿ ಅಂತೂ ಇಲ್ಲ, ಬಸ್ಸಿಗೆ ರೊಕ್ಕ ಐತಿ" ಎಂದು ನನ್ನನ್ನೂ ಎಳೆದುಕೊಂಡು ಹೋದ. ಕಚೇರಿಯ ವರಾಂಡದಲ್ಲಿ ಮಧ್ಯಾಹ್ನದವರೆಗೆ ನಿಲ್ಲಿಸಿದರು. ಒಳಗಿನವನು ಅರ್ಜಿಯನ್ನು ಓದದೆಯೇ ವಯಸ್ಸು ಮೀರಿದೆ ಅಂದ. ನಾಲ್ಕು ವರ್ಷ ಅರ್ಜಿ ಹಿಡಿದು ಕೂತರೆ ವಯಸ್ಸು ಮೀರದೆ ಇನ್ನೇನು! ಕಾಕಾ ಸೆಲ್ಯೂಟ್ ಹೊಡೆದು ತಿರುಗಿದ. ಆಮೇಲೆ ಆ ಮಾತೇ ಎತ್ತಲಿಲ್ಲ. ಬೆಳಗಿನ ಜಾವ ಕೇರಿಯ ಹುಡುಗರನ್ನು ಎಬ್ಬಿಸಿ ಕೆರೆ ಏರಿಯ ಮೇಲೆ ಓಡಿಸುತ್ತಿದ್ದ. ಅವರಲ್ಲಿ ಕೆಲವರು ಭರ್ತಿಯಾದರು.

ಯಂಗ್ ೧೯೨೨ರಲ್ಲಿ ಲಾಗೋಸ್‌ನಲ್ಲಿ ತೀರಿಕೊಂಡ. ನೂರು ವರ್ಷದ ಮೇಲೆ, ೨೦೨೨ರ ಏಪ್ರಿಲ್‌ನಲ್ಲಿ, ಅವನಿಗೆ ಗೌರವ ಬ್ರಿಗೇಡಿಯರ್ ಜನರಲ್ ಪದವಿ ಕೊಟ್ಟರು. ಸುದ್ದಿ ಓದಿದಾಗ ಹೇಳಲು ಕಾಕಾ ಇರಲಿಲ್ಲ. ಅವನ ಟ್ರಂಕು ತೆಗೆದು ನೋಡಿದೆ. ಪದಕದ ಕೆಳಗೆ ನನ್ನ ಅರ್ಜಿಗಳ ಕಾರ್ಬನ್ ಪ್ರತಿ, ಏಳೂ. ಏಳನೆಯದರಲ್ಲಿ 'ಬೆಗ್' ಎಂಬುದನ್ನು ಕೆಂಪು ಪೆನ್ಸಿಲಿನಿಂದ ಹೊಡೆದು, ಮೇಲೆ ಸೊಟ್ಟ ಅಕ್ಷರದಲ್ಲಿ 'ರಿಪೋರ್ಟ್' ಅಂತ ಬರೆದಿದ್ದ.