ಪಕ್ಕೆಯ ಗೆರೆ

ಬಾಣಂತನಕ್ಕೆಂದು ಅಮ್ಮ ಮಲ್ಪೆಯಿಂದ ಹ್ಯೂಸ್ಟನ್ನಿಗೆ ಬಂದಾಗ ನನಗೆ ಏಳು ತಿಂಗಳು ತುಂಬಿತ್ತು. ಬಯಕೆಯೆಂದರೆ ಒಂದೇ, ರವೆ ಹಚ್ಚಿ ಕಾಯಿಸಿದ ಅಂಜಲ್.

ಆದರೆ ಈ ಊರಿನಲ್ಲಿ ಮೀನಿನ ಹೆಸರನ್ನು ನಂಬುವ ಹಾಗಿಲ್ಲ. ಮಂಗಳೂರಿನ ಹೋಟೆಲುಗಳಲ್ಲಿ ಲೇಡಿ ಫಿಶ್ ಎಂದರೆ ನಮ್ಮ ಕಾಣೆ. ಟೆಕ್ಸಾಸಿನ ಲೇಡಿ ಫಿಶ್ ಮೈಯೆಲ್ಲ ಮುಳ್ಳಿರುವ ಬೇರೆಯೇ ಮೀನು. ಇಲ್ಲಿನವರು ಅದನ್ನು ಕತ್ತರಿಸಿ ಗಾಳಕ್ಕೆ ಚುಚ್ಚುತ್ತಾರೆ. ಕಿಂಗ್ ಫಿಶ್ ಎಂದರೆ ಊರಿನಲ್ಲಿ ಅಂಜಲ್, ಇಲ್ಲಿ ಕಿಂಗ್ ಮ್ಯಾಕೆರೆಲ್. ಅದು ಅಂಜಲಿನ ದಾಯಾದಿ, ಒಂದೇ ಕುಲದ್ದು. ಡಾಕ್ಟರು ಕೊಟ್ಟ ಹಾಳೆಯಲ್ಲಿ ಬಸುರಿಯರು ಮುಟ್ಟಲೇಬಾರದ ಮೀನುಗಳ ಸಾಲಿನಲ್ಲಿತ್ತು ಆ ಹೆಸರು. ಚಿಕ್ಕ ಮೀನುಗಳನ್ನು ತಿನ್ನುತ್ತ ವರ್ಷಗಟ್ಟಲೆ ಬದುಕುವ ದೊಡ್ಡ ಮೀನಿನ ಮೈಯಲ್ಲಿ ಪಾದರಸ ಕೂಡುತ್ತ ಹೋಗುತ್ತದಂತೆ. ಅದೇ ಕುಲದ ಸ್ಪ್ಯಾನಿಷ್ ಮ್ಯಾಕೆರೆಲ್ಲನ್ನು ಮಾತ್ರ ವಾರಕ್ಕೊಮ್ಮೆ ತಿನ್ನಬಹುದು.

ನನ್ನ ಗಂಡ ಧಾರವಾಡದವರು. ಸಮುದ್ರ ಕಂಡದ್ದೇ ಕಾಲೇಜಿನ ಪ್ರವಾಸದಲ್ಲಿ. ಅಂಥವರು ನನಗಾಗಿ ಉಪ್ಪುನೀರಿನ ಮೀನು ಹಿಡಿಯುವ ಪರವಾನಗಿ ಮಾಡಿಸಿಕೊಂಡು, ಆಫೀಸಿನ ಗೆಳೆಯನೊಡನೆ ಗ್ಯಾಲ್ವೆಸ್ಟನ್ನಿಗೆ ಹೋಗಿ, ಸಂಜೆ ಐಸ್ ಪೆಟ್ಟಿಗೆಯಲ್ಲಿ ಎರಡು ಮೀನು ತಂದರು. ಎರಡೂ ಮೊಳದುದ್ದ, ಬೆಳ್ಳಿ ಮೈ, ಹಳದಿ ಚುಕ್ಕೆ. ಎರಡೂ ಸ್ಪ್ಯಾನಿಷ್ ಎಂದಿದ್ದನಂತೆ ಗೆಳೆಯ.

ಅಮ್ಮ ಅಷ್ಟರಲ್ಲಿ ಬ್ಯಾಡಗಿ ಮೆಣಸು, ಹುಣಸೆಹುಳಿ ಅರೆದಿಟ್ಟಿದ್ದಳು. ಕತ್ತಿ ಹಿಡಿದವಳು ಹಾಗೇ ನಿಂತಳು.

"ಇವು ಒಂದೇ ಅಲ್ಲ ಮಗಾ. ಇದು ಬೇರೆ, ಅದು ಬೇರೆ."

ನನಗೇನೂ ಕಾಣಲಿಲ್ಲ. ಅವಳು ನನ್ನ ಬೆರಳು ಹಿಡಿದು ಒಂದರ ಪಕ್ಕೆಯ ಗೆರೆಯ ಮೇಲೆ ಕಿವಿರಿನಿಂದ ಬಾಲದವರೆಗೆ ಆಡಿಸಿದಳು. ಗೆರೆ ಮೆಲ್ಲಗೆ ಇಳಿಯುತ್ತ ಹೋಯಿತು, ಗುಡ್ಡದಿಂದ ಗದ್ದೆಗೆ ಇಳಿಯುವ ಕಾಲುದಾರಿಯ ಹಾಗೆ. ಇನ್ನೊಂದರ ಗೆರೆ ಬೆನ್ನಿನ ಎರಡನೇ ಈಜುರೆಕ್ಕೆಯ ಕೆಳಗೆ ಬಂದದ್ದೇ ಮೆಟ್ಟಿಲಿಳಿದ ಹಾಗೆ ಧುಮುಕಿತು. ಮಲ್ಪೆಯಲ್ಲಿ ಅಂಜಲಿನ ರಾಶಿಗೆ ಅದರಂತೆಯೇ ಇರುವ ಚುಕ್ಕೆ ಮೀನನ್ನು ಸೇರಿಸಿ ಅಂಜಲಿನ ದರ ಹೇಳುವವರಿದ್ದಾರೆ. ಅದಕ್ಕೇ ಅವಳು ಗೆರೆ ನೋಡುವುದು. ಗೆರೆ ಧುಮುಕಿದರೆ ಅಂಜಲ್.

ಗಂಡ ಫೋನು ತೆಗೆದು ಓದತೊಡಗಿದರು. ಧುಮುಕುವ ಗೆರೆ ಕಿಂಗ್ ಮ್ಯಾಕೆರೆಲ್ಲಿನದೇ. ಮರಿಯಾಗಿದ್ದಾಗ ಅದಕ್ಕೂ ಚುಕ್ಕೆ ಇರುತ್ತದೆ, ದೊಡ್ಡದಾದ ಮೇಲೆ ಮಾಸುತ್ತದೆ. ಇನ್ನೂ ಒಂದು ಗುರುತುಂಟು: ಸ್ಪ್ಯಾನಿಷ್ ಮೀನಿನ ಬೆನ್ನಿನ ಮೊದಲ ರೆಕ್ಕೆಯ ಮುಂಭಾಗ ಕಪ್ಪು. ಬಿಡಿಸಿ ನೋಡಿದೆವು, ಒಂದಕ್ಕಿತ್ತು, ಇನ್ನೊಂದಕ್ಕಿರಲಿಲ್ಲ. ಟೆಕ್ಸಾಸಿನಲ್ಲಿ ಸ್ಪ್ಯಾನಿಷ್ 14 ಇಂಚಿದ್ದರೆ ಇಟ್ಟುಕೊಳ್ಳಬಹುದು, ಕಿಂಗ್ 27 ಆಗಬೇಕು. ನಮ್ಮದು 21. ನೀರಿಗೆ ಬಿಡಬೇಕಾಗಿದ್ದ ಮರಿ. ಗಂಡನ ಮುಖ ಸಣ್ಣದಾಯಿತು.

"ಗೊತ್ತಿಲ್ಲದೆ ಆದದ್ದು. ನಮ್ಮಲ್ಲೂ ಮಳೆಗಾಲದಲ್ಲಿ 61 ದಿನ ಬೋಟು ನಿಲ್ಲಿಸುವುದು ಮರಿಗಳಿಗಾಗಿಯೇ ಅಲ್ಲವಾ?" ಎಂದಳು ಅಮ್ಮ.

ಆಮೇಲೆ ಪಾದರಸದ ವಿಷಯ ಕೇಳಿದಳು. ಹಾಳೆಯನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹೊಟ್ಟೆಯಲ್ಲಿದ್ದಾಗ ನಾನು ವಾರಕ್ಕೆ ಎರಡು ಸಲ ಅಂಜಲ್ ತಿಂದಿದ್ದೆ. ಆಗ ಯಾರೂ ಎಂತದೂ ಹೇಳಲಿಲ್ಲ," ಎಂದಳು. ನಾನು ನೆಟ್ಟಗೇ ಇದ್ದೇನಲ್ಲ ಎಂದು ನಗಾಡಿದೆ. ಅವಳು ನಗಲಿಲ್ಲ. ಅಂದು ಸ್ಪ್ಯಾನಿಷ್ ಮೀನಿನ ತುಂಡುಗಳನ್ನೆಲ್ಲ ನಮಗೇ ಬಡಿಸಿ, ತಾನು ಉಪ್ಪಿನಕಾಯಿಯಲ್ಲಿ ಉಂಡಳು. ಮರಿಯನ್ನು ಗಂಡ ಹಿತ್ತಲಿನಲ್ಲಿ ಹೂತರು.

ಈಗ ಮಗಳಿಗೆ ಎರಡು ವರ್ಷ. ಗ್ಯಾಲ್ವೆಸ್ಟನ್ನಿನಲ್ಲಿ ಮೀನು ಸಿಕ್ಕಿದ ಕೂಡಲೇ ಗಂಡ ಮಲ್ಪೆಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಇಲ್ಲಿ ಸಂಜೆಯಾದರೆ ಅಲ್ಲಿ ಬೆಳಗಿನ ಜಾವ. ಮೀನು ಬಕೆಟ್ಟಿನ ನೀರಿನಲ್ಲಿ ಒದ್ದಾಡುತ್ತಿರುವಾಗಲೇ ಅಮ್ಮನ ದನಿ ಬರುತ್ತದೆ: "ಗೆರೆ ಕಾಣುವುದಿಲ್ಲ, ಮಗ್ಗುಲು ತಿರುಗಿಸಿ ತೆಗೆಯಿರಿ. ಬೇಗ."